ಕದಲಿಸದೆ ಬಿಟ್ಟ ಏಳು ಕಂಪ್ಯೂಟರ್‌ಗಳು

…ಇದು ನಡೆದದ್ದು ಮಾರ್ಚ್ ತಿಂಗಳು ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಈಗ ಬರೆಯಲು ಕೂತರೆ ಕ್ಲಿನಿಕ್ಕಿನ ಕಿಟಕಿಯಾಚೆ ಒಮ್ಮೆ ಹಿಮ ಕಾಣಿಸುತ್ತದೆ, ಇನ್ನೊಮ್ಮೆ ಚೆರ್ರಿ ಹೂವು. ಎರಡೂ ಒಂದೇ ದಿನ ಇದ್ದಿರಲಾರವು. ನನ್ನ ನೆನಪು ಬಹಳ ವಿನಯವಂತ, ಕೇಳಿದವರಿಗೆ ಬೇಕಾದದ್ದನ್ನು ತಂದುಕೊಡುತ್ತದೆ. ಆದ್ದರಿಂದ ಮಾರ್ಚ್ ಎಂದಿಟ್ಟುಕೊಂಡು ಮುಂದೆ ಹೋಗೋಣ. ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಪಾಟೀಲ ಡಾಕ್ಟರದ್ದೊಂದು ಸಣ್ಣ ಕ್ಲಿನಿಕ್ಕು. ಅಲ್ಲಿ ಏಳು ಕಂಪ್ಯೂಟರ್, ಬಿಳಿ ಕೋಟುಗಳ ಕಪಾಟಿನಲ್ಲಿ ಒಂದು ಸರ್ವರ್. ಅವುಗಳ ಯೋಗಕ್ಷೇಮ ನನ್ನದು. ಚೆನ್ನಾಗಿರುವಾಗ ನನ್ನನ್ನು ಯಾರೂ ಗುರುತಿಸುವುದಿಲ್ಲ. ಕೆಟ್ಟಾಗ ಪೇಷಂಟುಗಳು ಕೂಡ ನನ್ನ ಹೆಸರು ಹಿಡಿದು ಕರೆಯುತ್ತಾರೆ.

ಪಾಲಿಸಿ ಎನ್ನುವ ವಸ್ತುವಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಸರ್ವರ್‌ನಲ್ಲಿ ನಾವೊಂದು ಅಪ್ಪಣೆ ಬರೆದಿಡುತ್ತೇವೆ. ಉಳಿದ ಯಂತ್ರಗಳು ಸುಮಾರು ಒಂದೂವರೆ ಗಂಟೆಗೊಮ್ಮೆ ಅದರ ಹತ್ತಿರ ಹೋಗಿ, ಈಗೇನಪ್ಪಣೆ ಎಂದು ಕೇಳಿ, ಹಾಗೇ ನಡೆದುಕೊಳ್ಳುತ್ತವೆ. ಯಾಕೆ ಎಂದು ಕೇಳುವುದಿಲ್ಲ. ನನ್ನ ಮಗಳಿಗೆ ಇದನ್ನು ವಿವರಿಸಿದಾಗ ಅವಳು, "ದಟ್ಸ್ ಕ್ರೀಪಿ, ಅಪ್ಪ," ಎಂದಳು. ನಾನು ನಕ್ಕಿದ್ದೆ.

ಹಿಂದಿನ ಅಕ್ಟೋಬರ್‌ನಲ್ಲಿ ಆಯುಧಪೂಜೆಯ ದಿನ ಡಾಕ್ಟರು ಕಂಪ್ಯೂಟರ್‌ಗಳಿಗೂ ಪೂಜೆ ಆಗಲಿ ಎಂದಿದ್ದರು. ಬಾಗಿಲ ಬಳಿಯ ಮೇಜಿನಲ್ಲಿ ಕೂತು ಪೇಷಂಟುಗಳ ಹೆಸರು ಬರೆದುಕೊಳ್ಳುವ ಸರೋಜಾ ಆಂಟಿ, ನಂಜನಗೂಡಿನವರು, ಏಳಕ್ಕೂ ಕುಂಕುಮವಿಟ್ಟು, ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ತಂದ ಹೂ ಮುಡಿಸಿದರು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದಲ್ಲ. ಅದಕ್ಕೆ ನಾನೊಂದು ಪಾಲಿಸಿ ಬರೆದೆ: ಯಾರನ್ನೂ ಒಳಗೆ ಬಿಡಬೇಡ, ಪರದೆಯ ಮೇಲೆ "ಪೂಜೆಗಿಟ್ಟಿದೆ, ಮುಟ್ಟಬೇಡಿ" ಎಂದು ಕನ್ನಡದಲ್ಲಿ ತೋರಿಸು. ವಿಜಯದಶಮಿಯ ಬೆಳಿಗ್ಗೆ ಮನೆಯಿಂದಲೇ ಕಾಫಿ ಕುಡಿಯುತ್ತಾ ಅದನ್ನು ಅಳಿಸಿದೆ. ಅಳಿಸಿದೆ ಎಂದುಕೊಂಡಿದ್ದೇನೆ.

ಮಾರ್ಚ್‌ನ ಒಂದು ಬುಧವಾರ ಬೆಳಿಗ್ಗೆ ಏಳೂ ಪರದೆಗಳ ಮೇಲೆ ಅದೇ ಸಾಲು. ಕಾಯುತ್ತಾ ಕೂತಿದ್ದ ಒಬ್ಬ ಅಮೆರಿಕನ್ ಅಜ್ಜಿ ಅದು ಆಶೀರ್ವಾದವೇ ಎಂದು ಕೇಳಿದರಂತೆ. ನಾನು ಓಡಿಬಂದು ಅಳಿಸಿದೆ. ಒಂದೂವರೆ ಗಂಟೆಯಲ್ಲಿ ಮತ್ತೆ ಬಂತು. ಮತ್ತೆ ಅಳಿಸಿದೆ. ಊಟದ ಹೊತ್ತಿಗೆ, ಯಾರೂ ಕೀಲಿಮಣೆ ಮುಟ್ಟದಿರುವಾಗ, ಮೊದಲನೆಯ ಪರದೆ ಕಪ್ಪಾಯಿತು, ಆಮೇಲೆ ಎರಡನೆಯದು, ಹೀಗೆ ಸಾಲಾಗಿ, ಯಾರೋ ಒಂದೊಂದೇ ಕೋಣೆಯ ದೀಪ ಆರಿಸುತ್ತಾ ನಮ್ಮ ಕಡೆ ಬರುತ್ತಿರುವ ಹಾಗೆ.

"ನೀನು ಅವತ್ತು ಕದಲಿಸಲಿಲ್ಲ ಕಣಪ್ಪ," ಎಂದರು ಸರೋಜಾ ಆಂಟಿ ಮೆಲ್ಲಗೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಮಂಗಳಾರತಿ ಮಾಡಿ, ಕೈಯಿಂದ ಒಂದಿಷ್ಟು ಸರಿಸಿ ಕದಲಿಸಬೇಕು, ಆಮೇಲೆಯೇ ಬಳಸಬೇಕು. ಕಾಫಿ ಲೋಟ ಹಿಡಿದು ಎಂಟು ಮೈಲಿ ದೂರದಿಂದ ಕದಲಿಸುವ ಪದ್ಧತಿ ನಮ್ಮ ಕಡೆ ಇಲ್ಲ.

ಪಾಟೀಲ ಡಾಕ್ಟರು ಧಾರವಾಡದವರು, ಮಾತು ನೇರ. ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ಮಾರ್ಚ್‌ನ್ಯಾಗ ಎಲ್ಲಿ ಪೂಜೀರಿ? ಆಕಿಗೆ ಪಾಸ್‌ವರ್ಡ್ ಗೊತ್ತದ, ಕದಲಿಸಿಲ್ಲ ಅಂತ ಹೇಳಾಕಿನೂ ಆಕೀನ. ನೋಡಿ ಹೇಳ್ರಿ. ಆಕೀದ ಕೈ ಇದ್ರ ಸೋಮವಾರದಿಂದ ಬರಬ್ಯಾಡ್ರಿ ಅಂತೀನಿ."

ಪಾಸ್‌ವರ್ಡ್ ಆಂಟಿಗೆ ಮಾತ್ರವಲ್ಲ, ಡಾಕ್ಟರಿಗೂ ನನಗೂ ಗೊತ್ತಿತ್ತು. ಒಂದೇ ಮನೆಯವರ ಹಾಗಿದ್ದೇವೆ, ಒಬ್ಬೊಬ್ಬರಿಗೆ ಒಂದೊಂದು ಬೀಗದ ಕೈ ಯಾಕೆ ಎಂದು ಮೂವರೂ ಒಂದೇ ಹೆಸರಿನಲ್ಲಿ ಸರ್ವರ್ ಹೊಕ್ಕು ಹೊರಡುತ್ತಿದ್ದೆವು. ಹಾಗೆ ಮಾಡಬಾರದೆಂದು ಪರರ ಆಫೀಸುಗಳಲ್ಲಿ ಭಾಷಣ ಮಾಡಿದವನು ನಾನೇ. ಸರ್ವರ್ ಎಲ್ಲವನ್ನೂ ಬರೆದಿಡುತ್ತದೆ. ತೆಗೆದು ನೋಡಿದೆ. ಎಷ್ಟು ಸಲ ಅಳಿಸಿದರೂ ಆ ಪಾಲಿಸಿ ತಾನಾಗಿ ವಾಪಸು ಬರುವಂತೆ ಯಾರೋ ಏರ್ಪಾಡು ಮಾಡಿದ್ದರು. ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ. ಹೆಸರು: ನಾವು ಮೂವರೂ ಬಳಸುವ ಅದೇ ಹೆಸರು. ಕಂಪ್ಯೂಟರ್: ಸರೋಜಾ ಆಂಟಿಯದು.

ಆಂಟಿಯ ಗಂಡ ತೀರಿಕೊಂಡು ನಾಲ್ಕು ವರ್ಷ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಮಾತಾಡಿಸಲು ಮೈಕ್ರೋವೇವ್ ಒಂದೇ ಎನ್ನುತ್ತಿದ್ದರು. ಅವರಿಗೆ ಆ ಮೇಜೇ ಊರು. ಆ ಏರ್ಪಾಡನ್ನು ಕಿತ್ತುಹಾಕಿ, ಬೆವರು ಒರೆಸಿಕೊಂಡು, ಡಾಕ್ಟರ ಕೋಣೆಗೆ ಹೋಗಿ ನಾನೇ ಮಾಡಿದ್ದು ಎಂದೆ, ಹಳೆಯದೇನನ್ನೋ ಪರೀಕ್ಷೆ ಮಾಡುವಾಗ ಕೈ ತಪ್ಪಿತು ಎಂದೆ. ಸುಳ್ಳು, ಯಾಕೆಂದರೆ ಆ ಮಂಗಳವಾರ ನಾನು ದೂರದ ಸುವಾನಿ ಎಂಬ ಊರಿನಲ್ಲಿದ್ದೆ, ಭಾವಮೈದುನನ ಗೃಹಪ್ರವೇಶದಲ್ಲಿ. ವಾಪಸು ಬಂದದ್ದು ರಾತ್ರಿ ವಿಮಾನದಲ್ಲಿ. ಡಾಕ್ಟರು ಒಂದು ಕ್ಷಣವೂ ಅನುಮಾನಿಸಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ ಎಂದರು. ತ್ಯಾಗ ಮಾಡಿದವನಿಗೆ ಕನಿಷ್ಠ ಅರ್ಧ ನಿಮಿಷದ ಅಪನಂಬಿಕೆಯಾದರೂ ಸಿಗಬೇಕು.

ಆಂಟಿಯ ಕೆಲಸ ಉಳಿಯಿತು. ಹೊರಡುವಾಗ, ಇನ್ನು ಮೇಲೆ ಹೀಗೆ ಮಾಡಬೇಡಿ ಆಂಟಿ ಎಂದು ಸೂಕ್ಷ್ಮವಾಗಿ ಹೇಳಿದೆ. ಅವರು ನನ್ನನ್ನೇ ನೋಡಿದರು.

"ನಾನೇನಪ್ಪ ಮಾಡಿದೆ? ನಿನ್ನೆ ನೀನೇ ತಾನೆ ನನ್ನ ಚೇರಲ್ಲಿ ಕೂತು ಏನೋ ಟೈಪ್ ಮಾಡ್ತಿದ್ದೆ. ಟೀ ತಂದಿಟ್ಟೆ, ಮುಟ್ಟಲಿಲ್ಲ. ಮಾತಾಡಿಸಿದ್ರೆ ತಿರುಗಿ ಕೂಡ ನೋಡಲಿಲ್ಲ. ಎಲ್ಲ ನೋಡಿಯೂ ಡಾಕ್ಟರ ಹತ್ತಿರ ಬಾಯಿ ಬಿಟ್ಟಿಲ್ಲ ನಾನು. ನಿನಗೂ ಹೆಂಡತಿ ಮಕ್ಕಳಿದ್ದಾರೆ."

ಅಂದರೆ ನಾನು ಅವರನ್ನು ಕಾಪಾಡುತ್ತಿದ್ದಾಗ ಅವರು ನನ್ನನ್ನು ಕಾಪಾಡುತ್ತಿದ್ದರು. ಕಾರಿನಲ್ಲಿ ಕೂತು ಫೋನಿನಲ್ಲಿ ಗೃಹಪ್ರವೇಶದ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಹೆಂಡತಿ ಇದ್ದಾಳೆ, ಮಗಳು ಇದ್ದಾಳೆ, ಭಾವಮೈದುನ ಹಾಲುಕ್ಕಿಸುತ್ತಿದ್ದಾನೆ. ನಾನು ಒಂದರಲ್ಲೂ ಇಲ್ಲ. ಚಿತ್ರ ತೆಗೆದವನು ನಾನೇ ಎಂದುಕೊಂಡೆ. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ, ನಾನು ಅಲ್ಲಿದ್ದೆ ತಾನೆ ಎಂದು. ಎರಡು ದಿನವೂ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಿರಲ್ಲ, ಅದಕ್ಕೆ ಇದ್ದದ್ದು ಅನ್ನುತ್ತಾರಾ ಎಂದಳು.

ಆ ಸಾಲು ಮತ್ತೆ ಬಂದಿಲ್ಲ. ಮಂಗಳವಾರ ಆ ಕುರ್ಚಿಯಲ್ಲಿ ಕೂತಿದ್ದವನು ಯಾರೆಂದು ನನಗೆ ಗೊತ್ತಿಲ್ಲ.