ಸ್ಪೀಕರ್ ಇಲ್ಲದ ಫೋನು

ನನ್ನ ಸೊಸೆ ಕಾವ್ಯಶ್ರೀಯ ಮೇಲೆ ನನಗೆ ಸಿಟ್ಟಿಲ್ಲ ಎಂದು ನಮ್ಮೂರು ಹಂಗಳದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಸಿಟ್ಟಿದೆ. ಒಂದೇ ಕಾರಣಕ್ಕೆ ಇದೆ. ಮಿಕ್ಕ ಕಾರಣಗಳನ್ನೆಲ್ಲ ಮನ್ನಿಸಿದ್ದೇನೆ. (ಸಾರಿಗೆ ಉಪ್ಪು ಹೆಚ್ಚು ಹಾಕುವುದನ್ನು ಇನ್ನೂ ಪೂರ್ತಿ ಮನ್ನಿಸಿಲ್ಲ.)

ಕುದೇರಿಗೆ ಕೊಟ್ಟಿರುವ ನನ್ನ ಮಗಳು ಭವ್ಯ ಫೋನ್ ಮಾಡಿದಳೆಂದರೆ ಸೊಸೆ ಅದನ್ನು ನನ್ನ ಕೈಗೆ ಕೊಡುವುದಿಲ್ಲ. ಜಗಲಿಯ ಮೇಲೆ ಅಂಗಾತ ಮಲಗಿಸಿ, ಸ್ಪೀಕರ್ ಹಾಕಿ, ತಾನೂ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ. ಇನ್ನು ನಾವು ತಾಯಿ ಮಗಳು ಆಡುವ ಮಾತು ಏನು? “ಚೆನ್ನಾಗಿದ್ದೀಯೇನಮ್ಮಿ?” “ಚೆನ್ನಾಗಿವ್ನಿ ಕಣವ್ವ.” “ಮಳೆ ಬಂತಾ?” “ಬಂತು ಕಣವ್ವ.” ಇಷ್ಟನ್ನು ರೇಡಿಯೋದವರೂ ಹೇಳುತ್ತಾರೆ. ಇದಕ್ಕೆ ಹೆತ್ತ ಮಗಳೇ ಬೇಕೇ?

ಭವ್ಯ ತವರಿಗೆ ಬಂದು ಹೋಗಿ ಮೂರು ತಿಂಗಳು ಹನ್ನೆರಡು ದಿನ. ಕುದೇರು ಏನು ಕಾಶಿಯಲ್ಲಿದೆಯೇ? ಏನೋ ಕಷ್ಟವಿದೆ. ಅತ್ತೆ ಅನ್ನಿಸಿಕೊಂಡವಳು ಬಾಯಿ ಕಟ್ಟಿಹಾಕಿದ್ದಾಳೆ. ಹೇಳಿಕೊಳ್ಳೋಣವೆಂದರೆ ಈ ಕಡೆ ನನ್ನ ಸೊಸೆ ಕಿವಿ ತೆರೆದುಕೊಂಡು ಕೂತಿದ್ದಾಳೆ. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಮಗಳ ಜೊತೆ ಐದು ನಿಮಿಷ, ಯಾರ ಕಿವಿಗೂ ಬೀಳದ ಹಾಗೆ ಮಾತಾಡಬೇಕು. ಅದಕ್ಕೆ ನನ್ನದೇ ಒಂದು ಫೋನ್ ಬೇಕು. ಮಗ ಸೋಮೇಶನ ಫೋನು ಅವನ ಜೊತೆ ಬಾಳೆಕಾಯಿ ಲೋಡಿನಲ್ಲಿ ಕೇರಳ ಸುತ್ತುತ್ತಿರುತ್ತದೆ. ಅವನನ್ನು ಕೇಳಿದರೆ ಹೆಂಡತಿಗೆ ಹೇಳುತ್ತಾನೆ. ಆದ್ದರಿಂದ ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನೇ ದಂಡಯಾತ್ರೆ ಹೊರಟೆ. ಆಧಾರ್ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, “ಮಂಡಿನೋವಿಗೆ ಎಣ್ಣೆ ತತ್ತೀನಿ ಕಣಮ್ಮಿ” ಎಂದು ಸೊಸೆಗೆ ಹೇಳಿ, ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನ ಹತ್ತಿರ ರವಿಕುಮಾರ ಎನ್ನುವವನ ಅಂಗಡಿ. ಮೆಟ್ಟಿಲು ಹತ್ತಿ ನೇರವಾಗಿ ಕೇಳಿದೆ.

“ಸ್ಪೀಕರ್ ಇಲ್ದಿರೋ ಒಂದು ಫೋನ್ ಕೊಡಪ್ಪ.”

“ಅಜ್ಜಿ, ಸ್ಪೀಕರ್ ಇಲ್ದಿರೋದು…”

“ಅಜ್ಜಿ ಯಾರ‍್ಗೆ?”

“ಅವ್ವಾ, ಎಲ್ಲಾ ಫೋನ್ಗೂ ಸ್ಪೀಕರ್ ಇರ್ತದೆ. ಬೇಕಾದ್ರೆ ಹಾಕೊಳ್ಳೋದು, ಬ್ಯಾಡ ಅಂದ್ರೆ ಬುಡೋದು.”

“ಹಂಗಾರೆ ಹಾಕೋ ಗುಂಡಿನೇ ಕಿತ್ತಾಕ್ಬುಡು.”

“ಕಿತ್ರೆ ಗ್ಯಾರಂಟಿ ಓಯ್ತದೆ ಕಣವ್ವ.”

ಮೊದಲು ಗಾಜಿನ ಫೋನು ತೋರಿಸಿದ. ಐವತ್ತು ವರ್ಷ ಹಸು ಕರೆದು ನನ್ನ ಬೆರಳ ತುದಿ ಕೊರಡಾಗಿದೆ. ಎಷ್ಟು ಒತ್ತಿದರೂ ಆ ಗಾಜಿಗೆ ಅದು ಬೆರಳು ಎಂದೇ ಅನ್ನಿಸಲಿಲ್ಲ. “ಇವ್ರನ್ನ ಒಳಕ್ಕೆ ಬುಡಬ್ಯಾಡಿ” ಎಂದು ಯಾರೋ ಹೇಳಿಕೊಟ್ಟ ಹಾಗೆ ಕಪ್ಪಗೆ ಕೂತಿತ್ತು. ಅದನ್ನು ಅತ್ತ ತಳ್ಳಿ ಗುಂಡಿ ಒತ್ತುವ ಫೋನುಗಳನ್ನು ಕೇಳಿದೆ. ನಾಲ್ಕು ತಂದಿಟ್ಟ. ಕೆಂಪು, ನೀಲಿ, ಎರಡು ಕಪ್ಪು.

“ಒಂದೊಂದ್ರಲ್ಲೂ ನನ್ನ ಮಗಳ್ಗೆ ಮಾತಾಡ್ಸು. ನೋಡ್ತೀನಿ.”

“ಎಲ್ಲಾ ಹೊಸವು ಕಣವ್ವ. ನೋಡೋದೇನು?”

ಹಸು ಕೊಳ್ಳುವಾಗ ಎರಡು ಹೊತ್ತು ಹಾಲು ಕರೆದು ನೋಡದೆ ಹಗ್ಗಕ್ಕೆ ಕೈ ಹಾಕಿದವಳಲ್ಲ ನಾನು. ನಮ್ಮ ಯಜಮಾನರು ಇದ್ದಾಗಲೂ ಅವರು ಹಸುವಿನ ಸುಳಿ ನೋಡುತ್ತಿದ್ದರು, ನಾನು ಕೆಚ್ಚಲು ನೋಡುತ್ತಿದ್ದೆ. ಅವರು ಹೋಗಿ ಹನ್ನೊಂದು ವರ್ಷವಾಯಿತು, ಮನೆಗೆ ಒಂದು ಸುಳ್ಳು ಹಸು ಬಂದಿಲ್ಲ. ಇನ್ನು ಫೋನನ್ನು ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಳ್ಳಲೇ? ರವಿಕುಮಾರ ನಿಟ್ಟುಸಿರು ಬಿಟ್ಟು ತನ್ನದೇ ಸಿಮ್ ತೆಗೆದು ಕೆಂಪು ಫೋನಿಗೆ ಹಾಕಿದ. ಅಕ್ಷರ ಕೂಡಿಸುವುದು ನನಗೆ ಕಷ್ಟ, ಆದರೆ ಡೈರಿಯಲ್ಲಿ ಹಾಲಿನ ಫ್ಯಾಟು ಓದಿ ಓದಿ ಅಂಕಿ ಪಳಗಿವೆ. ಮಗಳ ಹತ್ತು ಅಂಕಿ ಬಾಯಿಪಾಠ. ಒತ್ತಿದೆ.

ಒಬ್ಬ ಹೆಂಗಸು ಬಂದು, ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ ಎಂದಳು.

“ಇದು ಕೆಟ್ಟದೆ. ನೀಲಿದು ಕೊಡು.”

“ಕೆಟ್ಟಿಲ್ಲ ಕಣವ್ವ, ನಿಮ್ಮ ಮಗಳು ಬ್ಯಾರೆ ಯಾರ್ ಜೊತೆನೋ ಮಾತಾಡ್ತಾವ್ರೆ.”

“ಹನ್ನೊಂದು ಗಂಟೆ ಬಿಸ್ಲಲ್ಲಿ? ಅವಳ ಅತ್ತೆ ಅವಳ್ನ ಕೊಟ್ಟಿಗೆಲಿ ಸಗಣಿ ಬಾಚಕ್ಕೆ ಹಾಕಿರ್ತಾಳೆ. ಫೋನ್ ಮುಟ್ಟಕ್ಕೆ ಬುಟ್ಟಾಳಾ?”

ನೀಲಿಗೆ ಸಿಮ್ ಹಾಕಿದ. ಅದೇ ಹೆಂಗಸು. ಮೊದಲ ಕಪ್ಪಿಗೆ ಹಾಕಿದ. ಅದೇ ಹೆಂಗಸು, ಅದೇ ರಾಗ, ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ನಾನು ತಾಳ್ಮೆಯವಳು. ಕುಕ್ಕರುಗಾಲಲ್ಲಿ ಕೂತು ಒಂದು ಮೂಟೆ ಹುರುಳಿಯಲ್ಲಿ ಕಲ್ಲು ಆರಿಸಿದವಳು. ಆದರೆ ಕಿವಿಯ ತನಕ ರಕ್ತ ಏರಿತು.

ಇಷ್ಟರಲ್ಲಿ ನಮ್ಮೂರಿನ ದೊಡ್ಡಮಾದಯ್ಯ ರೀಚಾರ್ಜ್ ಮಾಡಿಸಲು ಒಳಗೆ ಬಂದ. ಅವನು ಬಂದ ಜಾಗದಲ್ಲಿ ಬೇರೆ ಸ್ಪೀಕರ್ ಬೇಕಾಗಿಲ್ಲ.

“ಅಕ್ಕಾ, ಮನೆಗೊಂದ್ಸಲ ಮಾಡಿ ನೋಡು, ಕಾವ್ಯಶ್ರೀಗೆ. ಫೋನ್ದೇ ತಪ್ಪಾ ಅಂತ ಗೊತ್ತಾಯ್ತದೆ” ಎಂದ.

ಸೊಸೆಯ ನಂಬರು ಒತ್ತಿದೆ. ಅಲ್ಲೂ ಅದೇ ಹೆಂಗಸು, ಅದೇ ನಿರತ!

“ನೋಡ್ದಾ? ಕುದೇರ‍್ಗೂ ಅದೇ, ಹಂಗಳಕ್ಕೂ ಅದೇ. ಕೆಟ್ಟಿರೋದು ರುಜುವಾಯ್ತಲ್ಲ!”

“ಅಕ್ಕಾ, ಅವ್ರಿಬ್ರೇ ಒಬ್ಬರ್ಗೊಬ್ಬರು ಮಾತಾಡ್ತಿದ್ರೋ ಏನೋ…”

“ಯಾರು? ನನ್ನ ಮಗಳೂ ಸೊಸೆನೂವಾ?” ಎಂದು ನಕ್ಕೇಬಿಟ್ಟೆ. “ಹಬ್ಬದಲ್ಲಿ ಎಲೆ ಮುಂದೆ ಕೂತ್ರೂ ಅವ್ರು ‘ಪಲ್ಯ ಬೇಕಾ’ ಅನ್ನೋದು ಬುಟ್ರೆ ಇನ್ನೊಂದು ಮಾತಾಡಿದ್ದು ನಾನು ಕಂಡಿಲ್ಲ. ಸುಮ್ಕಿರು.”

ರವಿಕುಮಾರ ಕೊನೆಯ ಫೋನಿನ ಡಬ್ಬಿ ಬಿಚ್ಚುತ್ತಾ, ಮಾತು ಬೇರೆ ಕಡೆಗೆ ತಿರುಗಲಿ ಎಂದು, ಪ್ಲ್ಯಾನು ವಿವರಿಸತೊಡಗಿದ. ತಿಂಗಳಿಗೆ ಇಷ್ಟು, ಮಾತು ಎಷ್ಟಾದರೂ ಆಡಬಹುದು, ದಿನಕ್ಕೆ ನೂರು ಮೆಸೇಜು, ಜೊತೆಗೆ ನೆಟ್ಟು.

“ತಿಂಗಳು ಅಂದ್ರೆ ಎಷ್ಟು ದಿನ?”

“ಇಪ್ಪತ್ತೆಂಟು.”

“ಯಾವ ಪಂಚಾಂಗ ಕಣಪ್ಪ ಅದು? ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹಿಡಿದ್ರೂ ನಿಂಗೆ ಒಂದೂವರೆ ದಿನ ಕಮ್ಮಿ ಬತ್ತದೆ. ವರ್ಷಕ್ಕೆ ಹದಿಮೂರು ತಿಂಗಳಾಗೋಯ್ತು.”

“ಕಂಪನಿಯೋರು ಮಾಡಿರೋದು ಕಣವ್ವ.”

“ಮತ್ತೆ ನೂರು ಮೆಸೇಜು ಯಾರ‍್ಗೆ ಬರೀಲಿ? ಬದನೆಕಾಯಿ ಕೊಡು ಅಂದ್ರೆ ಜೊತೆಗೆ ನುಗ್ಗೆಕಾಯಿನೂ ಹೊತ್ಕೊಂಡೋಗು ಅಂತೀಯಲ್ಲ. ಅದನ್ನ ನೀನಿಟ್ಕೊ, ಬರೀ ಮಾತು ತೂಗಿಕೊಡು.”

ಹೀಗೆ ನಾವು ಮುಕ್ಕಾಲು ಗಂಟೆ ವಾದ ಮಾಡಿದೆವು. ನಾನು ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ. ಕಂಪನಿಯೂ ಬಿಟ್ಟುಕೊಡಲಿಲ್ಲ. ಕೊನೆಗೆ ನಾಲ್ಕನೆಯ ಫೋನು ಕೈಗೆ ಬಂತು. ದಪ್ಪ ದಪ್ಪ ಅಂಕಿ. “ಇದು ವಯಸ್ಸಾದೋರಿಗೇ ಅಂತ ಮಾಡಿರೋದು, ಸೌಂಡು ಜೋರು” ಎಂದ. ಒತ್ತಿದೆ. ಗಂಟೆ ಹೊಡೆಯಿತು! ಮಗಳು ಎತ್ತಿದಳು!

“ನಾನು ಕಣಮ್ಮಿ, ನಿಮ್ಮವ್ವ! ಗುಂಡ್ಲುಪ್ಯಾಟೆಲಿದ್ದೀನಿ. ಈಗ ನನ್ನ ಪಕ್ಕದಲ್ಲಿ ಯಾರೂ ಇಲ್ಲ.” (ರವಿಕುಮಾರನೂ ದೊಡ್ಡಮಾದಯ್ಯನೂ ಇದ್ದರು. ಅವರು ಮನೆಯವರಲ್ಲ, ಲೆಕ್ಕಕ್ಕಿಲ್ಲ ಎಂದುಕೊಂಡೆ.) “ನಿಜ ಏಳು. ನಿಮ್ಮತ್ತೆ ಹೊಟ್ಟೆಗೆ ಸರಿಯಾಗಿ ಹಾಕ್ತಾಳಾ? ಮೂರು ತಿಂಗಳು ಹನ್ನೆರಡು ದಿನ ಆಯ್ತು, ಯಾಕೆ ಕಳಿಸ್ನಿಲ್ಲ? ಇಷ್ಟೊತ್ತೂ ಯಾಕೆ ಫೋನ್ ಸಿಗ್ನಿಲ್ಲ?”

“ಅತ್ತಿಗೆ ಜೊತೆ ಮಾತಾಡ್ತಿದ್ದೆ ಕಣವ್ವ.”

“ಯಾವ ಅತ್ತಿಗೆ?”

“ನಂಗಿರೋದು ಒಬ್ರೇ ಅತ್ತಿಗೆ. ನೀನು ಪ್ಯಾಟೆಗೋದೆ ಅಂತ ಅವ್ರೇ ಮಾಡಿದ್ರು. ನೀನು ಮನೇಲಿದ್ರೆ ಎಲ್ಲಾದ್ರೂ ಮಾತಾಡಕ್ಕಾಯ್ತದಾ?”

ದೊಡ್ಡಮಾದಯ್ಯ ಕೆಮ್ಮಿದ. ನಾನು ಅವನಿಗೆ ಬೆನ್ನು ಮಾಡಿ ನಿಂತೆ.

“ಅವಳ ಜೊತೆ ನಿಂಗೇನು ಮಾತು? ನಾವು ಮಾತಾಡೋದ್ನೆಲ್ಲ ಸ್ಪೀಕರ್ ಹಾಕಿ ಕೇಳಿಸ್ಕೊಳೋಳು ಅವಳು!”

“ಸ್ಪೀಕರ್ ಹಾಕಿ ಪಕ್ಕದಲ್ಲಿ ಕೂತ್ಕಳಿ ಅಂತ ಅತ್ತಿಗೆಗೆ ಏಳ್ಕೊಟ್ಟೋಳೇ ನಾನು.”

“ಏನಂದೆ?”

“ಕೈಗೆ ಫೋನ್ ಬಂದ್ರೆ ನಿನ್ನ ಬಾಯಿಗೆ ಹಿಡಿತ ಇರಲ್ಲ ಕಣವ್ವ. ಗೌರಿಹಬ್ಬದ ದಿನ ನಮ್ಮತ್ತೆನ ‘ಆ ಬಜಾರಿ’ ಅಂದ್ಯಲ್ಲ, ಅವ್ರು ನನ್ನ ಪಕ್ಕದಲ್ಲೇ ಒಬ್ಬಟ್ಟು ತಟ್ತಾ ಇದ್ರು. ನಿನ್ನ ಗಂಟಲಿಗೆ ಸ್ಪೀಕರೇ ಬ್ಯಾಡ. ಮೂರು ದಿವ್ಸ ಅವ್ರು ನನ್ನ ಜೊತೆ ಮಾತಾಡ್ನಿಲ್ಲ. ಈ ಮನೇಲಿ ನಂಗಾದ ಕಷ್ಟ ಅಂದ್ರೆ ಅದೊಂದೇ. ಸೊಸೆ ಪಕ್ಕದಲ್ಲಿದ್ರೆ ನೀನು ಮರ್ಯಾದೆಗೆ ಹೆದರಿ ಮಳೆ ಬೆಳೆ ಕೇಳಿ ಸುಮ್ಕಾಯ್ತೀಯ. ಊರ್ಗೆ ಬಂದ್ರೆ ಕದ ಹಾಕ್ಕೊಂಡು ಇದ್ನೇ ಕೇಳ್ತೀಯ, ಅದ್ಕೇ ಬರ‍್ನಿಲ್ಲ. ಅವ್ವಾ, ನಾನು ಚೆನ್ನಾಗಿವ್ನಿ. ಚೆನ್ನಾಗಿವ್ನಿ ಅಂತ ಎಷ್ಟು ಸಲ ಏಳ್ಲಿ?”

ನಾನು ಸ್ಪೀಕರ್ ಗುಂಡಿ ಮುಟ್ಟಿರಲಿಲ್ಲ, ದೇವರಾಣೆ. ವಯಸ್ಸಾದವರಿಗೆಂದು ಮಾಡಿದ ಆ ಫೋನು ಅಷ್ಟನ್ನೂ ಬಸ್‌ಸ್ಟ್ಯಾಂಡಿನ ತನಕ ಸಾರಿತು. ದೊಡ್ಡಮಾದಯ್ಯ ರೀಚಾರ್ಜ್ ಮಾಡಿಸುವುದನ್ನೇ ಮರೆತು ಹೊರಟ. ಅವನ ನಡಿಗೆಯ ಬಿರುಸು ನೋಡಿದರೆ ನನಗಿಂತ ಮೊದಲು ಸುದ್ದಿ ಹಂಗಳ ಸೇರುವುದು ಖಾತ್ರಿಯಾಯಿತು.

ಎಂಥ ಸಿಟ್ಟು ಬಂತು ಎಂದರೆ, ಯಾರ ಮೇಲೆ ಎಂದು ತಿಳಿಯದೆ ರವಿಕುಮಾರನ ಮೇಲೆ ಹಾಕಿದೆ.

“ಬರೀ ಕೇಳಿಸ್ಕೊಳ್ಳಕ್ಕೆ ಯಾವ್ದಾದ್ರೂ ಪ್ಲ್ಯಾನ್ ಅದಾ?”

“ಮುಂಚೆ ಇತ್ತು ಕಣವ್ವ. ಈಗ ಕೇಳಿಸ್ಕೊಳ್ಳಕ್ಕೂ ಅಷ್ಟೇ ಕೊಡ್ಬೇಕು.”

ಇಪ್ಪತ್ತೆಂಟು ದಿನದ ಆ ಕುಂಟು ತಿಂಗಳಿಗೇ ಹೆಬ್ಬೆಟ್ಟು ಒತ್ತಿ, ನಾಲ್ಕನೆಯ ಫೋನು ಕೊಂಡು, ಸಿಮ್ಮಿಗೆ ಜೀವ ಬರುವ ತನಕ ಬೆಂಚಿನ ಮೇಲೆ ಕೂತಿದ್ದು, ಬಸ್ಸು ಹತ್ತಿದೆ. ಟಿಕೆಟ್ ತೆಗೆಯುವಷ್ಟರಲ್ಲಿ ಫೋನು ಕೂಗಿತು. ರವಿಕುಮಾರನ ಸಿಮ್ಮಿಗೇ ತಿರುಗಿ ಮಾಡಿ ನನ್ನ ಹೊಸ ನಂಬರು ಪಡೆದು ಭವ್ಯಳೇ ಮಾಡಿದ್ದಳು. ಮುಂದಿನ ಭಾನುವಾರ ಬರುತ್ತಾಳಂತೆ, ಅತ್ತೆಯನ್ನೂ ಕರೆತರುತ್ತಾಳಂತೆ. ಅತ್ತೆ ನನಗೆಂದು ಒಬ್ಬಟ್ಟು ಮಾಡುತ್ತಾರಂತೆ. ಅವರನ್ನು ಏನೂ ಕೇಳಬಾರದಂತೆ, ತಿಂದು ಚೆನ್ನಾಗಿದೆ ಎನ್ನಬೇಕಂತೆ. ನಾನು ಬಾಯಿ ಬಿಡದೆ, ಸೆರಗನ್ನು ತುಟಿಗೆ ಅಡ್ಡ ಹಿಡಿದು, ಅಷ್ಟನ್ನೂ ಕೇಳಿಸಿಕೊಂಡೆ. ಕೊನೆಯಲ್ಲಿ ಒಂದೇ ಒಂದು ಸಲ “ಊಂ” ಅಂದೆ.

ಡ್ರೈವರು ಹಿಂದಕ್ಕೆ ತಿರುಗಿ ನೋಡಿದ. ಅದೂ ಜೋರಾಯಿತಂತೆ.