ಬಿಚ್ಚಿಟ್ಟ ಮಿಕ್ಸಿಯನ್ನು ನಾನು ಓರಣ ಮಾಡಿದ್ದು

ಹರಡಿದ್ದು ಕಂಡರೆ ನನಗೆ ಕೈ ತಡೆಯುವುದಿಲ್ಲ. ದೇವಸ್ಥಾನದ ಬಾಗಿಲಲ್ಲಿ ಊರವರ ಚಪ್ಪಲಿಯನ್ನೆಲ್ಲ ಜೋಡಿಸಿಟ್ಟು, ಕೊನೆಗೆ ನನ್ನದು ಯಾವುದೆಂದು ಹುಡುಕಿದವಳು ನಾನು. ಇದನ್ನು ದೇವರು ಕೊಟ್ಟ ವರ ಎಂದೇ ತಿಳಿದಿದ್ದೆ.

ಆ ದಿನ ಬ್ರಹ್ಮಾವರದ ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟು ಮೂರನೆಯ ದಿನ. ಬಂಗುಡೆ ಸಾರಿಗೆ ಕಲ್ಲಿನಲ್ಲೇ ಮಸಾಲೆ ಅರೆಯುತ್ತಿದ್ದೆ. ತೋಳಿನಲ್ಲಿ ಇಷ್ಟಾದರೂ ಶಕ್ತಿ ಉಳಿಸಿದ್ದಾನಲ್ಲ ದೇವರು, ಅದೇ ದೊಡ್ಡದು. ಅಷ್ಟರಲ್ಲಿ ಮಗಳು ಸುಚಿತ್ರಾಳ ಫೋನು. ಕುಂದಾಪುರದಲ್ಲಿ ಐಟಿಐ ಓದುತ್ತಾಳೆ, ಎಲೆಕ್ಟ್ರಿಷಿಯನ್.

"ಅಮ್ಮ, ನಾಳೆ ಪರೀಕ್ಷೆಗೆ ಮಿಕ್ಸಿ ಬಿಚ್ಚಿ ಜೋಡ್ಸುಕೆ ಸರ್ ನನ್ನನ್ನೇ ಕರ್ದಿರ್. ನಾನ್ ಫೇಲಾರೆ ನಾಲ್ಕೂ ಜನ ಫೇಲ್. ಅವ್ರನ್ನೂ ಕರ್ಕಂಡ್ ಈಗ ಮನಿಗೇ ಬತ್ತೆ."

ಅವರ ಹೊಸ ಸರ್ ಪಾಠ ಹೇಳುವುದು ಕಡಿಮೆ. ನಾಲ್ಕು ನಾಲ್ಕು ಜನರ ತಂಡ ಮಾಡಿ, ನೀವೇ ಬಿಚ್ಚಿ, ನೀವೇ ತಪ್ಪು ಹುಡುಕಿ, ಒಬ್ಬರಿಗೊಬ್ಬರು ಕಲಿಸಿಕೊಳ್ಳಿ ಎನ್ನುತ್ತಾರಂತೆ. ಗೊತ್ತಿದ್ದವರು ಬಾಯಿ ಮಾತ್ರ ಆಡಬೇಕು, ಕೈ ಹಾಕಬೇಕಾದ್ದು ಗೊತ್ತಿಲ್ಲದವರು. ಪರೀಕ್ಷೆಗೂ ಅಂಥವರನ್ನೇ ಕರೆಯುವುದು. "ಪಾಠ ಮಾಡುಕೆ ಉದಾಸೀನವಾ ಅವ್ರಿಗೆ?" ಎಂದು ನಾನು ಮೊದಲೇ ಕೇಳಿದ್ದೆ. ತಂಡದಲ್ಲಿ ಏನೂ ಬಾರದವಳು ನನ್ನ ಮಗಳೇ ಎಂದು ತಿಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ತಪ್ಪು ಅವಳದ್ದಲ್ಲ. ಕತ್ತಿ ಹಿಡಿದರೆ ಕೈ ಕೊಯ್ದುಕೊಂಡಾಳು, ಬಲ್ಬ್ ಹಾಕಹೋದರೆ ಸ್ಟೂಲಿನಿಂದ ಬಿದ್ದಾಳು ಎಂದು ಎಲ್ಲವನ್ನೂ ಕಸಿದು ನಾನೇ ಮಾಡಿ ಬೆಳೆಸಿದ್ದೇನೆ.

ಅವಳ ಜೊತೆ ಬೈಂದೂರಿನ ನಾಗರತ್ನ, ಅಮಾಸೆಬೈಲಿನ ಅಕ್ಕ-ತಂಗಿ ಇಬ್ಬರು ಬಂದರು. ಮೂವರೂ ಕೈ ಹಿಂದಕ್ಕೆ ಕಟ್ಟಿ ಕುಳಿತು ಬಾಯಲ್ಲಿ ಹೇಳಿದ್ದು, ನಮ್ಮ ಕೆಟ್ಟ ಮಿಕ್ಸಿಯನ್ನು ಸುಚಿತ್ರಾ ಬಿಚ್ಚಿದ್ದು. ಜಗಲಿಯಲ್ಲಿ ಪೇಪರ್ ಹಾಸಿ, ಒಂದೊಂದು ಸ್ಕ್ರೂವನ್ನೂ ಕಳಚಿದ ಕ್ರಮದಲ್ಲಿಟ್ಟು, ಪಕ್ಕದಲ್ಲಿ ಪೆನ್ನಿನಿಂದ ನಂಬರ್ ಬರೆದಳು. ಆಮೇಲೆ ನಾಲ್ವರೂ ಊಟಕ್ಕೆ ಒಳಗೆ ಹೋದರು. ಬಡಿಸಿ ಹೊರಗೆ ಬಂದು ನೋಡುತ್ತೇನೆ, ಜಗಲಿ ತುಂಬ ಕಬ್ಬಿಣದ ಚೂರು, ಕರಿ ಧೂಳು. ಎರಡೇ ನಿಮಿಷದ ಕೆಲಸ.

ಕೈ ಒರೆಸುತ್ತ ಬಂದ ಸುಚಿತ್ರಾ ನಿಂತಲ್ಲೇ ನಿಂತಳು. "ಅಮ್ಮ, ಇಲ್ಲಿದ್ದದ್ ಎಲ್ಲಿ?"

"ಡಬ್ಬಿಯಲ್ಲಿತ್ತ್. ಸ್ಕ್ರೂ ಎಲ್ಲ ಚಂದ ಮಾಡಿ ತೊಳ್ದ್ ಇಟ್ಟಿದೆ."

"ಪೇಪರ್?"

"ಬಚ್ಚಲ ಒಲಿಗೆ ಹಾಕ್ದೆ."

ನಾಗರತ್ನ ನಕ್ಕುಬಿಟ್ಟಳು. "ಇನ್ನ್ ಯಾವ್ದ್ ಎಲ್ಲಿಗಂತ ನಂಗೂ ಗೊತ್ತಿಲ್ಲೆ ಮರಾಯ್ತಿ. ಈಗ ಎಲ್ಲರೂ ಕೈ ಹಾಕ್ಲಕ್ಕ್."

ನಾಲ್ಕು ತಲೆ ಡಬ್ಬಿಯ ಮೇಲೆ ಬಾಗಿದವು. ಸಹಾಯಕ್ಕೆಂದು ನಾನೂ ಬಾಗಿದೆ. "ಅಮ್ಮ, ನೀವ್ ಒಳ್ಗ್ ಹೋಯಿನಿ" ಎಂದರು, ಮಗಳಲ್ಲ, ಉಳಿದ ಮೂವರೂ. ದೇವರ ಕೋಣೆಯಲ್ಲಿ ಕುಳಿತು, ಮಗಳ ಜೊತೆ ಇನ್ನು ಮೂರು ಮನೆಯ ಮಕ್ಕಳನ್ನೂ ಫೇಲ್ ಮಾಡಿಸಿದ ಪಾಪಕ್ಕೆ ಒಂದು ತೆಂಗಿನಕಾಯಿ ಸಾಕೋ ನಾಲ್ಕು ಬೇಕೋ ಎಂದು ಯೋಚಿಸಿದೆ. ಹೊರಗಿನಿಂದ ಸುಚಿತ್ರಾಳ ಧ್ವನಿ: "ಅದಲ್ಲ, ಆ ಸ್ಕ್ರೂ ಬಿಗಿ ಇತ್ತ್, ಬಿಚ್ಚುಕೆ ಕೈ ನೊಂದಿತ್. ಅದ್ ಅಡಿಗಿಂದ್." ಬಿಚ್ಚುವಾಗ ಕೈ ಹಾಕಿದವಳು ಅವಳೊಬ್ಬಳೇ ತಾನೆ, ನೆನಪು ಉಳಿದದ್ದೂ ಅವಳ ಬೆರಳಿಗೇ. ಒಳಗೆ ಕಡಿದಿದ್ದ ವಯರನ್ನೂ ಅವರೇ ಹುಡುಕಿ ಸೇರಿಸಿದರು. ಎರಡು ಸಲ ಗೊರಕೆ ಹೊಡೆದು ಸುಮ್ಮನಾದ ಮಿಕ್ಸಿ ಮೂರನೆಯ ಸಲ ತಿರುಗಿತು.

ಮರುದಿನ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ "ಪಾಸ್" ಎಂದಳು. ಪರೀಕ್ಷೆಯಲ್ಲಿ ಸರ್ ಬಿಚ್ಚಿದ್ದನ್ನೆಲ್ಲ ತಟ್ಟೆಗೆ ಸುರಿದು, ಕಲಸಿ, ಈಗ ಜೋಡಿಸಿ ಎಂದರಂತೆ. ಉಳಿದ ತಂಡದವರು ತಟ್ಟೆ ನೋಡುತ್ತ ನಿಂತರೆ ಇವಳು ನಗುತ್ತ ಕುಳಿತಳಂತೆ. ಕಾರಣ ಕೇಳಿದ್ದಕ್ಕೆ ನಾಗರತ್ನ ಎಲ್ಲ ಹೇಳಿಬಿಟ್ಟಿದ್ದಾಳೆ.

"ಸರ್ ಎಂತ ಹೇಳ್ರ್?"

"ಉಳ್ದ ತಂಡದವರ ಮನಿಗೂ ನಿನ್ನ ಅಮ್ಮನ್ನ ಒಂದೊಂದ್ ದಿನ ಕಳ್ಸ್ ಅಂದ್ರ್."

ಮಾಡಿದ ಎಡವಟ್ಟಿಗೂ ಮರ್ಯಾದೆ ಸಿಗುವುದು ದೇವರ ದಯೆಯಲ್ಲದೆ ಇನ್ನೇನು? ದೀಪ ಹಚ್ಚಿ, ಒಣಗಿದ ಬಟ್ಟೆ ಮಡಚಲು ಕುಳಿತೆ. ಸುಚಿತ್ರಾ ತಾನೂ ಬಂದು ಅಪ್ಪನ ಅಂಗಿಗಳನ್ನು ಎಳೆದುಕೊಂಡಳು. ತೋಳು ಒಂದು ಕಡೆ, ಕಾಲರ್ ಒಂದು ಕಡೆ. ನಾನು ಚಕಾರ ಎತ್ತಲಿಲ್ಲ; ಕಲಿಯಬೇಕಾದವರು ತಾವೇ ಮಾಡಿ ಕಲಿಯಬೇಕು. ಅವಳು ಸ್ನಾನಕ್ಕೆ ಎದ್ದುಹೋದ ಮೇಲೆ, ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆಯೇ, ಅಷ್ಟನ್ನೂ ಬಿಡಿಸಿ ಮತ್ತೆ ಮಡಚಿದೆ.