ಇಲಿಗೆ ಎಷ್ಟು ನಂಬರಿನ ಕೋವಿ?

ಲೈಲ್ ಟ್ಯಾಕೆಟ್‌ನ ಎಡಗಾಲು ಇಲಿಯ ಬಿಲದೊಳಗೆ ಮೊಣಕಾಲವರೆಗೆ ಇಳಿದಾಗ ಅವನ ಕೈಯಲ್ಲಿ ಕಾಫಿ ಲೋಟವಿತ್ತು, ಬಾಯಲ್ಲಿ ಅರ್ಧ ಬಿಸ್ಕತ್ತಿತ್ತು. ಕಾಫಿ ಅಂಗಿಯ ಪಾಲಾಯಿತು. ಬಿಸ್ಕತ್ತು ಎದುರಿಗಿದ್ದ ಇಲಿಯ ಪಾಲಾಯಿತು. ಅದು ಹಿಂಗಾಲ ಮೇಲೆ ನಿಂತು, ಊಟ ಬಡಿಸಿದವನಿಗೆ ಉಪಕಾರ ಹೇಳುವಂತೆ ಅವನನ್ನೇ ನೋಡುತ್ತ ತಿಂದು ಮುಗಿಸಿತು.

ಹೆಸರಿಗೆ ಸೇಜ್ ಇಲಿ, ಜಾತಿಯಲ್ಲಿ ನೆಲದ ಅಳಿಲು. ಅಮೆರಿಕದ ಓರೆಗಾನ್ ರಾಜ್ಯದ ಮೂಡಣ ಬಯಲಿನಲ್ಲಿ ಹಿಮ ಕರಗಿದ ಕೂಡಲೇ ಏಳುವ ಪ್ರಾಣಿ. ಲೈಲ್‌ನ ಹೊಲದಲ್ಲಿ ಕುದುರೆಮೆಂತೆ ಮೇವು ಎಷ್ಟು ಬೆಳೆಯುತ್ತದೆ ಎಂದು ಯಾರಾದರೂ ಕೇಳಿದರೆ, ಇಲಿಗಳು ಬಿಟ್ಟಷ್ಟು ಎಂಬುದೇ ಉತ್ತರ.

ಹೆಂಡತಿ ನೆಡ್ರಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. "ಕೋವಿ ತಗೋತೀನಿ, ತಗೋತೀನಿ ಅಂತ ಮೂರು ವಸಂತ ಕಳ್ದೆ. ಇವತ್ತು ತರ್ತೀಯೋ, ಇಲ್ಲಾ ಹೊಲಾನ ಅವುಗಳ ಹೆಸರಿಗೇ ಬರೆದುಕೊಡ್ತೀಯೋ?"

"ಯಾವ ನಂಬರಿಂದು ತಗೋಬೇಕು ಅಂತ ತಿಳೀಬೇಕಲ್ಲೇ..."

"ನನ್ನ ಮದ್ವೆ ಆಗೋಕೂ ಹೀಗೇ ಯೋಚ್ನೆ ಮಾಡ್ದೆ. ಕೊನೆಗೆ ನಾನೇ ಕೇಳ್ಬೇಕಾಯ್ತು."

ಲೈಲ್ ಅಂಗಿ ಬದಲಿಸಿ ಪೇಟೆಗೆ ಹೊರಟ.

ಪೇಟೆಯಲ್ಲಿ ಮೊಳೆ, ಹಗ್ಗ, ಕೋವಿ ಎಲ್ಲ ಸಿಗುವುದು ಡಾಟ್ ಎಂಬಾಕೆಯ ಅಂಗಡಿಯಲ್ಲಿ. ಅಲ್ಲಿ ಒಲೆಯ ಪಕ್ಕ ಬೆಳಗ್ಗಿನಿಂದ ಕೂತಿರುವವರು ಇಬ್ಬರು: ರಸ್ತೆ ಇಲಾಖೆಯಿಂದ ನಿವೃತ್ತನಾದ ಬರ್ಡೆಟ್ ಮತ್ತು ಲಾರಿ ಮಾಲೀಕ ಹಾರ್ಲನ್. ನಳಿಗೆಯ ಅಳತೆಗೊಂದು ನಂಬರು, ನಂಬರಿಗೊಂದು ಪಂಥ. ಈ ಇಬ್ಬರೂ ತಮ್ಮ ತಮ್ಮ ಪಂಥದ ಮಠಾಧೀಶರು.

"ಇಲಿ ಹೊಡೆಯೋಕೆ ಒಂದು ಕೋವಿ..." ಎಂದು ಲೈಲ್ ಬಾಯಿ ತೆರೆದದ್ದೇ ತಪ್ಪಾಯಿತು.

"ಇಪ್ಪತ್ತೆರಡು!" ಎಂದ ಬರ್ಡೆಟ್. "ನಮ್ಮಪ್ಪ ಅದರಲ್ಲೇ ಹೊಡೆದ, ನಾನು ಅದರಲ್ಲೇ ಹೊಡೆದೆ. ತೋಟಾ ಕಡ್ಲೆಕಾಯಿ ಬೆಲೆಗೆ ಸಿಗುತ್ತೆ."

"ಅದು ಇಲೀನ ಸಾಯಿಸಲ್ಲ ಕಣೋ, ಬಯ್ಯುತ್ತೆ ಅಷ್ಟೆ," ಎಂದ ಹಾರ್ಲನ್. "ಇಪ್ಪತ್ತೆರಡು-ಇನ್ನೂರೈವತ್ತು ತಗೋ. ಗುಂಡು ಬಂದದ್ದು ಇಲಿಗೆ ಗೊತ್ತಾಗೋದು ಸತ್ತು ಅರ್ಧ ಗಂಟೆ ಆದ್ಮೇಲೆ!"

ಡಾಟ್ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿದಳು. "ಇವರ ಮಾತು ಕೇಳ್ಬೇಡ ಲೈಲ್. ಹದಿನೇಳು ಅಂತ ಒಂದಿದೆ. ಗುಂಡು ಜೀರಿಗೆ ಕಾಳಷ್ಟು, ಹೋಗೋದು ಗೆರೆ ಎಳೆದ ಹಾಗೆ."

ಮಾತು ಬೆಳೆದು ಮೇಜು ಗುದ್ದುವ ಮಟ್ಟಕ್ಕೆ ಹೋಯಿತು. ಕೊನೆಗೆ, ಹೊಲದಲ್ಲೇ ಪರೀಕ್ಷೆಯಾಗಲಿ ಎಂದು ಮೂವರೂ ಎದ್ದರು. ಯಾರ ಹೊಲ ಎಂದು ಯಾರೂ ಕೇಳಲಿಲ್ಲ. ಡಾಟ್ ಅಂಗಡಿಗೆ ಬೀಗ ಹಾಕಿದಳು.

ಲೈಲ್‌ನ ಹೊಲದಲ್ಲಿ, ತಪ್ಪಿದ ಗುಂಡು ಮಣ್ಣಿಗೇ ಬೀಳಲೆಂದು ಗುಡ್ಡದ ಕಡೆಗೆ ಮುಖಮಾಡಿ, ಬರ್ಡೆಟ್ ಮೊದಲು ಕೋವಿ ಹಿಡಿದು ಮಲಗಿದ. ಹತ್ತಿರದ ಇಲಿಗಳು ಒಂದೆರಡು ಉರುಳಿದವು. ದೂರದವು ಮಾತ್ರ ಎರಡನೇ ಪಂಕ್ತಿಗೆ ಕಾದ ನೆಂಟರ ಹಾಗೆ ಕೈಕಟ್ಟಿ ನಿಂತು, ಗುಂಡು ಬಿದ್ದ ಜಾಗವನ್ನು ಕುತೂಹಲದಿಂದ ನೋಡಿದವು.

"ಹತ್ರ ಹೋಗಿ ಕಿವೀಲಿ ಹೇಳಿ ಬಾ," ಎಂದು ಹಾರ್ಲನ್ ತನ್ನ ಕೋವಿಯನ್ನು ಹೂಡಿದ. ಸಿಡಿಲು ಬಡಿದಂತಾಯಿತು. ಒಂದು ಇಲಿ ಹೋಯಿತು, ನಿಜ. ಉಳಿದವೆಲ್ಲ ಒಂದೇ ಏಟಿಗೆ ಬಿಲ ಸೇರಿದವು. ಲೈಲ್‌ನ ನಾಯಿ ಗಾಡಿಯ ಕೆಳಗೆ ಸೇರಿತು. ನಾಲ್ಕೈದು ಗುಂಡಿಗೇ ನಳಿಗೆ ರೊಟ್ಟಿ ಸುಡುವಷ್ಟು ಕಾಯ್ದು, ಅದು ಆರಲೆಂದು ಎಲ್ಲರೂ ಸುತ್ತ ಕೂತು ಗಾಳಿ ಬೀಸಬೇಕಾಯಿತು.

ಡಾಟ್‌ಳ ಸರದಿಗೆ ದೇವರೇ ಗಾಳಿ ಬೀಸಿದ. ಅವಳ ಜೀರಿಗೆ ಗುಂಡು ನಡುದಾರಿಯಲ್ಲಿ ಮನಸ್ಸು ಬದಲಿಸಿ ಪಕ್ಕದ ಬಿಲದ ಮಣ್ಣೆಬ್ಬಿಸಿತು. "ಗಾಳಿ ಇಲ್ದಿದ್ರೆ..." ಎಂದಳು.

"ಗಾಳಿ ಇಲ್ದಿದ್ರೆ ಇದು ನಮ್ಮೂರೇ ಅಲ್ಲ!" ಎಂದ ಬರ್ಡೆಟ್.

ಲೈಲ್ ಇಷ್ಟು ಹೊತ್ತು ಬೇಲಿಗೊರಗಿ ಸುಮ್ಮನಿದ್ದ. ತನ್ನ ಹೊಲದಲ್ಲಿ ತನ್ನ ಇಲಿಗಳನ್ನು ಊರೆಲ್ಲ ಹೊಡೆಯುತ್ತಿದೆ, ತನ್ನನ್ನು ಯಾರೂ ಕೇಳುತ್ತಿಲ್ಲ. ಅವನಿಗೆ ಎಂದೂ ಬಾರದ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಬುದ್ಧಿಯೂ ಬಂತು.

"ಇನ್ನೂರ ಇಪ್ಪತ್ಮೂರು," ಎಂದ.

ಮೂವರೂ ತಿರುಗಿದರು.

"ಗಾಳಿಗೆ ಅಷ್ಟಾಗಿ ಅಲ್ಲಾಡಲ್ಲ. ಕಿವಿ ಅಷ್ಟು ಹರಿಯಲ್ಲ. ದಪ್ಪ ನಳಿಗೆ ಇದ್ರೆ ಬೇಗ ಕಾಯಲ್ಲ. ತೋಟಾ ಯಾವ ಊರಲ್ಲೂ ಸಿಗುತ್ತೆ. ಡಾಟ್, ನಿನ್ನ ಗೋಡೆ ಮೇಲೆ ಒಂದು ನೇತಾಡ್ತಿದೆಯಲ್ಲ, ಅದೇ ಕೊಡು."

ಮೂರು ವಸಂತ ಯೋಚಿಸಿದವನಿಗೆ ಇಷ್ಟಾದರೂ ಗೊತ್ತಾಗಿತ್ತು. ಎಲ್ಲರೂ ಮತ್ತೆ ಪೇಟೆಗೆ ಹೋದರು. ಕೋವಿ ಕೊಳ್ಳುವವನ ಬಗ್ಗೆ ಡಾಟ್ ಫೋನಿನಲ್ಲಿ ಸರಕಾರದ ತಪಾಸಣೆ ಮುಗಿಸುವವರೆಗೂ ಬರ್ಡೆಟ್ ಮತ್ತು ಹಾರ್ಲನ್ ಅವನಿಗೆ ಬುದ್ಧಿ ಹೇಳಿದರು. ಲೈಲ್ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ, ಗುಂಡಿನ ಸದ್ದಿಗೆಂದು.

ಮಧ್ಯಾಹ್ನ ಹುಲ್ಲಿನ ಗಾಡಿಯ ಮೇಲೆ ಮಲಗಿ, ಕೋವಿಗೆ ಆನಿಕೆ ಕೊಟ್ಟು, ದುರ್ಬೀನಿನಲ್ಲಿ ಕಣ್ಣಿಟ್ಟು, ಉಸಿರು ಬಿಟ್ಟು, ಟ್ರಿಗರ್ ಒತ್ತಿದ. ಇನ್ನೂರು ಗಜದಾಚೆಯ ಇಲಿ ಮಗುಚಿತು. ಅದರ ಪಕ್ಕದ್ದು ಮಗುಚಿತು. ಅದಕ್ಕೇನಾಯಿತೆಂದು ನೋಡಲು ಬಂದದ್ದೂ ಮಗುಚಿತು.

"ಯಾರಪ್ಪಾ ಇವನು!" ಎಂದು ಬರ್ಡೆಟ್ ಟೋಪಿ ತೆಗೆದ. ಹಾರ್ಲನ್ ತೋಟಾ ತುಂಬಿಕೊಡುವ ಕೆಲಸಕ್ಕೆ ತಾನಾಗಿಯೇ ಇಳಿದ. ಎಲ್ಲಿಂದಲೋ ಹದ್ದುಗಳು ಬಂದು ಬೇಲಿಗಂಬಕ್ಕೊಂದರಂತೆ ಕೂತು ಬಿದ್ದವನ್ನು ಎತ್ತಿಕೊಂಡವು. ಬದುಕಿದ ಇಲಿಗಳು ಮೇಲೆ ಹದ್ದು, ಎದುರು ಲೈಲ್ ಎಂಬುದನ್ನು ಕಂಡು, ಸಂಸಾರ ಸಮೇತ ತಂತಿಬೇಲಿ ನುಸುಳಿ ಪಕ್ಕದ ಹುಲ್ಲುಗಾವಲಿಗೆ ಓಡಿದವು. ಅದು ಬಾಸ್ಕ್ ಕುಲದ ಕುರಿಗಾರ ಮುದುಕ ಉರ್ಕಿಡಿಯದು. ಹೊತ್ತು ಇಳಿಯುವಷ್ಟರಲ್ಲಿ ಲೈಲ್‌ನ ಹೊಲದಲ್ಲಿ ಒಂದೇ ಒಂದು ಇಲಿ ಉಳಿಯಲಿಲ್ಲ.

ಮೂವರೂ ಅವನನ್ನು ಹೆಗಲ ಮೇಲೆ ಎತ್ತಿದರು. ಭಾರ ತಾಳದೆ ಒಂದು ಬಿಲದ ಬಳಿ ಬೀಳಿಸಿದರು. ಲೈಲ್ ಮಣ್ಣಲ್ಲಿ ಬಿದ್ದುಕೊಂಡೇ ನಕ್ಕ. ಹುಟ್ಟಿದಂದಿನಿಂದ ಅವನು ಏನನ್ನೂ ಗೆದ್ದವನಲ್ಲ. ಚರ್ಚಿನ ಲಾಟರಿಯಲ್ಲಿ ಒಂದು ಕುಂಬಳಕಾಯಿಯನ್ನೂ ಗೆದ್ದಿರಲಿಲ್ಲ.

ಅಷ್ಟರಲ್ಲಿ ನೆಡ್ರಾಳ ಕಾರು ಬಂತು. ಅವಳ ಮುಖವೂ ಹೊಳೆಯುತ್ತಿತ್ತು.

"ಲೈಲ್! ನಿನ್ನ ಫೋನೆಲ್ಲಿ? ಎಷ್ಟು ಸಲ ಮಾಡಿದ್ನೋ! ಅಗ್ನಿಶಾಮಕ ಲಾರಿಯ ಶೆಡ್ಡು ಸೋರ್ತಿದೆಯಲ್ಲ, ಅದಕ್ಕೆ ದುಡ್ಡೆತ್ತೋಕೆ ಟಿಕೆಟ್ ಇಟ್ಟು ಇಲಿ ಬೇಟೆ ಮಾಡ್ಸೋದು ಅಂತ ನೀನು ಹೋದ್ಮೇಲೆ ಊರ ಸಭೇಲಿ ಗೊತ್ತು ಮಾಡಿದ್ವಿ. ನಾಳೇನೇ! ಪೋರ್ಟ್‌ಲ್ಯಾಂಡಿಂದ ಮೂವತ್ತು ಜನ ಆಗ್ಲೇ ಹೊರಟಾಯ್ತು. ನಮ್ಮ ಹೊಲದಲ್ಲಿರೋ ಅಷ್ಟು ಇಲಿ ಇಡೀ ಜಿಲ್ಲೇಲೇ ಇಲ್ಲ ಅಂತ ರೇಡಿಯೋದಲ್ಲಿ ನಾನೇ ಹೇಳಿ ಬಂದೆ!"

ಹಾರ್ಲನ್ ತೋಟಾದ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ನೆಡ್ರಾ ಹೊಲದ ಕಡೆ ನೋಡಿದಳು. ಬೇಲಿಯ ಮೇಲೆ ಹೊಟ್ಟೆ ತುಂಬಿದ ಹದ್ದುಗಳು ತೂಕಡಿಸುತ್ತಿದ್ದವು.

"ಮೂರು ವಸಂತ," ಎಂದಳು ನೆಡ್ರಾ, ಬಹಳ ನಿಧಾನವಾಗಿ. "ಮೂರು ವಸಂತ ಸುಮ್ನಿದ್ದವನು ಇನ್ನೊಂದು ದಿನ ಸುಮ್ನಿರೋಕೆ ಆಗ್ಲಿಲ್ವೇನೋ?"

ಉರ್ಕಿಡಿ ಬೇಲಿಯಾಚೆ ಕುರಿಗಳನ್ನು ಕೂಡುತ್ತಿದ್ದ. ಲೈಲ್ ಗೇಟಿನ ಬಳಿ ಟೋಪಿ ಹಿಡಿದು ನಿಂತ. ಬೆನ್ನ ಹಿಂದೆ ಉಳಿದ ನಾಲ್ವರು.

"ತಾತ, ಒಂದು ಉಪಕಾರ ಆಗ್ಬೇಕಿತ್ತು. ನಾಳೆ ಒಂದಿನಕ್ಕೆ... ನಿಮ್ಮ ಇಲಿ..."

ಮುದುಕ ಪೂರ್ತಿ ಕೇಳಿಸಿಕೊಂಡ. "ಇಲಿ ಕಡ ಕೇಳೋಕೆ ಬಂದವನನ್ನ ನನ್ನ ಆಯುಸ್ಸಲ್ಲೇ ನೋಡಿರ್ಲಿಲ್ಲ," ಎಂದ. ಆಮೇಲೆ ಗೇಟು ತೆರೆದ. "ಧಾರಾಳವಾಗಿ ಬರ್ಲಿ. ಮೂವತ್ತು ಜನ ಅಲ್ಲ, ಅರವತ್ತು ಬರ್ಲಿ. ಕುರೀನ ಮೇಲಿನ ಹುಲ್ಲಿಗೆ ಹೊಡೀತೀನಿ."

ನೆಡ್ರಾ ಉಸಿರು ಬಿಟ್ಟಳು. ಬರ್ಡೆಟ್ ಜೈ ಎಂದ. ಲೈಲ್ ಮುದುಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಈ ದಿನ ತಾನು ಮುಟ್ಟಿದ್ದೆಲ್ಲ ಗೆಲುವೇ ಅನ್ನಿಸಿತು.

ಉರ್ಕಿಡಿ ಅವನ ಹೆಗಲು ತಟ್ಟಿದ.

"ನಂಗೊಂದೇ ಚಿಂತೆ ಇತ್ತು ಮಗಾ. ಮೂವತ್ತು ಕೋವಿ ಒಟ್ಟಿಗೆ ಗುಡುಗಿದ್ರೆ ಇಲ್ಲಿರೋವೆಲ್ಲ ಬೇಲಿ ದಾಟಿ ಓಡ್ತಾವೆ, ಪಾಪ, ಎಲ್ಲಿ ಇರ್ತಾವೋ ಅಂತ. ನೀನು ನೋಡಿದ್ರೆ ಒಂದೇ ದಿನದಲ್ಲಿ ನಿನ್ನ ಹೊಲದಲ್ಲಿ ಅಷ್ಟೂ ಮನೆ ಖಾಲಿ ಮಾಡಿಸಿ ಇಟ್ಟಿದೀಯ!"